ಲಾರಿ ಇಂಜಿನ್ ಆಯಿಲ್ ಬದಲಿಸಲು ಕ್ವಿಕ್ ಡ್ರೈನ್ ವಾಲ್ವ್: ಅಳತೆಯಿಂದ ಫಿಟ್ಟಿಂಗ್‌ವರೆಗೆ

ಲಾರಿ ಕೆಳಗೆ ಮಲಗಿ, ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಡ್ರೈನ್ ನಟ್ (ಆಯಿಲ್ ಇಳಿಸುವ ತೂತಿನ ಬಿರಡೆ) ಬಿಚ್ಚಿದವರಿಗೆ ಆ ಕೊನೆಯ ಸುತ್ತು ಚೆನ್ನಾಗಿ ಗೊತ್ತು. ಪಾನಾ ಪಕ್ಕಕ್ಕಿಟ್ಟು ಬೆರಳಿನಿಂದ ತಿರುಗಿಸುತ್ತೀರಿ. ನಟ್ಟನ್ನು ಒತ್ತಿ ಹಿಡಿದುಕೊಂಡೇ ಇದ್ದು, ಥ್ರೆಡ್ ಮುಗಿದ ತಕ್ಷಣ ಕೈ ಎಳೆದುಕೊಳ್ಳಬೇಕು. ಎಷ್ಟೇ ಚುರುಕಾಗಿ ಎಳೆದರೂ ಬಿಸಿ ಆಯಿಲ್ ಅಂಗೈಯಿಂದ ಮೊಣಕೈವರೆಗೆ ಹರಿದೇ ಹರಿಯುತ್ತದೆ. ನಟ್ ಟಬ್ಬಿಗೆ ಬೀಳುತ್ತದೆ. ವಾಷರ್ ಎಲ್ಲಿ ಹೋಯಿತು ಎಂದು ಕರಿ ಆಯಿಲಿನಲ್ಲಿ ಕೈಯಾಡಿಸಿ ಹುಡುಕಬೇಕು.

ನನ್ನ ಬಳಿ ಎರಡು ಲಾರಿ, ಒಂದು ಟಿಪ್ಪರ್ ಇವೆ. ಚಿತ್ರದುರ್ಗದ ಸುತ್ತಮುತ್ತ ಓಡುತ್ತವೆ. ಆಯಿಲ್ ಬದಲಿಸುವ ಕೆಲಸವನ್ನು ನಮ್ಮ ಶೆಡ್ಡಿನಲ್ಲೇ ಮಾಡಿಕೊಳ್ಳುತ್ತೇವೆ. ಕ್ವಿಕ್ ಡ್ರೈನ್ ವಾಲ್ವ್ ಹಾಕುವ ಯೋಚನೆ ಬಂದದ್ದು ಕೈ ಸುಟ್ಟಿದ್ದಕ್ಕಲ್ಲ, ಚೇಂಬರಿನ ಥ್ರೆಡ್ ಹಾಳಾಗಿದ್ದಕ್ಕೆ. ಒಮ್ಮೆ ಹೊರಗಿನ ಗ್ಯಾರೇಜಿನಲ್ಲಿ ನಟ್ಟನ್ನು ಓರೆಯಾಗಿ ಹತ್ತಿಸಿ, ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಬಿಗಿದಿದ್ದರು. ಮುಂದಿನ ಸಲ ಬಿಚ್ಚಿದಾಗ ಅಲ್ಯೂಮಿನಿಯಂ ಥ್ರೆಡ್ ಸುರುಳಿ ಸುರುಳಿಯಾಗಿ ನಟ್ಟಿನ ಜೊತೆಗೇ ಈಚೆ ಬಂತು. ಚೇಂಬರ್ ಇಳಿಸಿ, ಲೇತ್‌ನಲ್ಲಿ ಕೊರೆಸಿ, ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಕೂರಿಸುವ ತಂತಿ ಸುರುಳಿ) ಹಾಕಿಸಿ ಮತ್ತೆ ಕೂರಿಸುವಷ್ಟರಲ್ಲಿ ಲಾರಿ ಮೂರು ದಿನ ನಿಂತಿತು.

ವಾಲ್ವಿನ ದೊಡ್ಡ ಲಾಭ ಇಲ್ಲೇ ಇದೆ. ಚೇಂಬರಿನ ಥ್ರೆಡ್‌ಗೆ ಒಂದು ಸಲ ಕೈ ಹಚ್ಚುತ್ತೀರಿ, ಆಮೇಲೆ ಪದೇ ಪದೇ ಅದರ ತಂಟೆಗೆ ಹೋಗುವುದಿಲ್ಲ. ಆದರೆ ಆ ಒಂದು ಸಲ ತಪ್ಪಿದರೆ ಇಂಜಿನ್ನೇ ಹೋಗಬಹುದು. ಹಾಗಾಗಿ ಈ ಲೇಖನದಲ್ಲಿ ಅಳತೆಗೆ ಮತ್ತು ಫಿಟ್ಟಿಂಗ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಏನಿದು ವಾಲ್ವ್?

ಡ್ರೈನ್ ನಟ್ ತೆಗೆದ ಜಾಗಕ್ಕೇ ಕೂರುವ ಚಿಕ್ಕ ನಲ್ಲಿ ಅಂದುಕೊಳ್ಳಿ. ಮುಖ್ಯವಾಗಿ ಎರಡು ಬಗೆ ಇವೆ.

ಮೊದಲನೆಯದು ಲಿವರ್ ಇರುವ ಬಾಲ್ ವಾಲ್ವ್. ಹಿತ್ತಾಳೆಯ ಮೈ, ಒಳಗೆ ತೂತಿರುವ ಲೋಹದ ಗುಂಡು, ಹೊರಗೆ ಬೆರಳುದ್ದದ ಲಿವರ್. ಮುಚ್ಚಿದಾಗ ಲಿವರ್ ಒಂದು ಕಚ್ಚಿನೊಳಗೆ ಕೂರುತ್ತದೆ, ಸ್ಪ್ರಿಂಗ್ ಅದನ್ನು ಒತ್ತಿ ಹಿಡಿಯುತ್ತದೆ. ತೆರೆಯಬೇಕಾದರೆ ಲಿವರನ್ನು ಮೊದಲು ಕಚ್ಚಿನಿಂದ ಎತ್ತಬೇಕು, ಆಮೇಲೆ ಕಾಲು ಸುತ್ತು ತಿರುಗಿಸಬೇಕು. ಈ ಎರಡು ಚಲನೆ ಒಟ್ಟಿಗೆ ಆಗದೆ ಅದು ತೆರೆಯುವುದಿಲ್ಲ. ರಸ್ತೆಯ ಕಲ್ಲು ಬಡಿದರೆ ತಾನಾಗಿ ತೆರೆದುಕೊಳ್ಳುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ಅದಕ್ಕೆ ಉತ್ತರ ಈ ಕಚ್ಚು. ಜಪಾನಿನ ಫುಮೊಟೊ ವಾಲ್ವ್‌ಗಳು ಈ ಬಗೆಯವು. ಇದರಲ್ಲೇ ಪೈಪ್ ಸಿಕ್ಕಿಸುವ ಮೂತಿ ಇರುವುದು, ಇಲ್ಲದಿರುವುದು ಎಂದು ಎರಡು ಸಿಗುತ್ತವೆ. ಲಾರಿಗೆ ಮೂತಿ ಇರುವುದನ್ನೇ ತೆಗೆದುಕೊಳ್ಳಿ.

ಎರಡನೆಯದರಲ್ಲಿ ಲಿವರ್ ಇರುವುದಿಲ್ಲ. ಒಳಗೆ ಸ್ಪ್ರಿಂಗ್ ಒತ್ತಿದ ವಾಲ್ವ್, ಹೊರಗೆ ಥ್ರೆಡ್ ಇರುವ ಮುಚ್ಚಳ. ಮುಚ್ಚಳ ಬಿಚ್ಚಿ ಪೈಪಿನ ಕನೆಕ್ಟರ್ ತಿರುಗಿಸಿದರೆ ಅದು ಒಳಗಿನ ವಾಲ್ವನ್ನು ತಳ್ಳುತ್ತದೆ, ಆಯಿಲ್ ಇಳಿಯುತ್ತದೆ. ಜರ್ಮನಿಯ ಸ್ಟಾಲ್‌ಬಸ್, ನೆದರ್ಲೆಂಡ್ಸ್‌ನ ಫೆಮ್ಕೊ ಈ ಬಗೆ. ಇವು ಕೆಳಗೆ ಜಾಸ್ತಿ ಚಾಚಿಕೊಳ್ಳುವುದಿಲ್ಲ. ಕ್ವಾರಿ, ಗಣಿ ರಸ್ತೆಯಲ್ಲಿ ಓಡುವ ಟಿಪ್ಪರಿಗೆ ನನ್ನ ಮೊದಲ ಆಯ್ಕೆ ಇದೇ. ತೊಂದರೆ ಒಂದೇ: ಕನೆಕ್ಟರ್ ಕಳೆದುಹೋದರೆ ವಾಲ್ವನ್ನೇ ಬಿಚ್ಚದೆ ಆಯಿಲ್ ಇಳಿಸಲು ದಾರಿ ಇಲ್ಲ. ಅದನ್ನು ಟೂಲ್ ಬಾಕ್ಸಿನಲ್ಲಿ ಕಟ್ಟಿ ಇಡಬೇಕು.

ಮೂರನೆಯದೊಂದನ್ನು ನಮ್ಮ ಕಡೆ ಜನ ತಾವೇ ಮಾಡಿಕೊಳ್ಳುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರ್ಧ ಇಂಚಿನ ನೀರಿನ ಬಾಲ್ ವಾಲ್ವನ್ನು ತಂದು ಚೇಂಬರಿಗೆ ಹತ್ತಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಯಾಕೆ ಎಂದು ಅಳತೆಯ ಭಾಗದಲ್ಲಿ ಹೇಳುತ್ತೇನೆ.

ಇನ್ನೊಂದು ಮಾತು. ಕ್ವಿಕ್ ಅನ್ನುವ ಹೆಸರು ನಂಬಿ ಆಯಿಲ್ ಬೇಗ ಖಾಲಿಯಾಗುತ್ತದೆ ಅಂದುಕೊಳ್ಳಬೇಡಿ. ವಾಲ್ವಿನ ಒಳಗಿನ ತೂತು ನಟ್ಟಿನ ತೂತಿಗಿಂತ ಚಿಕ್ಕದು. ನಟ್ ಬಿಚ್ಚಿದಾಗ ಐದಾರು ನಿಮಿಷದಲ್ಲಿ ಮುಗಿಯುತ್ತಿದ್ದ ಧಾರೆ ನಮ್ಮ ಲಾರಿಯಲ್ಲಿ ಈಗ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಬೇಗ ಆಗುವುದು ತೆರೆಯುವ ಕೆಲಸ, ಮುಚ್ಚುವ ಕೆಲಸ, ಮತ್ತು ಆಮೇಲೆ ನೆಲ ಒರೆಸುವ ಕೆಲಸ.

ಯಾರಿಗೆ ಬೇಕು?

ಹೊಸ ಬಿಎಸ್6 (ಈಗಿನ ಹೊಗೆ ನಿಯಮದ) ಲಾರಿ, ವಾರಂಟಿ ಇದೆ, ಸರ್ವಿಸ್ ಕಂಪನಿಯಲ್ಲೇ ಆಗುತ್ತದೆ ಅನ್ನುವವರಿಗೆ ಇದು ಬೇಕಾಗಿಲ್ಲ. ಈಗಿನ ಹೈವೇ ಲಾರಿಗಳಲ್ಲಿ ಆಯಿಲ್ ಬದಲಿಸುವ ಅಂತರ ಹತ್ತಾರು ಸಾವಿರ ಕಿಲೋಮೀಟರ್ ಇರುತ್ತದೆ. ವರ್ಷಕ್ಕೆ ಒಂದೆರಡು ಸಲ ತೆರೆಯುವುದಕ್ಕಾಗಿ ವಾರಂಟಿ ತಕರಾರು ತಂದುಕೊಳ್ಳುವುದು ಬೇಡ. ಹಾಕಲೇಬೇಕು ಅನಿಸಿದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕೆಲವು ಹೊಸ ಇಂಜಿನ್‌ಗಳಲ್ಲಿ ಚೇಂಬರೇ ಪ್ಲಾಸ್ಟಿಕ್‌ನದು. ಅಂಥದ್ದಕ್ಕೆ ಹಿತ್ತಾಳೆ ವಾಲ್ವಿನ ಭಾರ ಹೊರಿಸಬಾರದು. ಅಲ್ಲಿಗೆ ವಿಷಯ ಮುಗಿಯಿತು.

ಯಾರಿಗೆ ಬೇಕು ಅಂದರೆ, ಕೆಲಸದ ಗಂಟೆ ಲೆಕ್ಕದಲ್ಲಿ ಆಯಿಲ್ ಬದಲಿಸುವವರಿಗೆ. ಟಿಪ್ಪರ್, ಕಾಂಕ್ರೀಟ್ ಮಿಕ್ಸರ್ ಲಾರಿ, ಜೆಸಿಬಿ, ಡೀಸೆಲ್ ಜನರೇಟರ್ ಇಟ್ಟುಕೊಂಡವರಿಗೆ. ಹಳೆಯ ಲಾರಿಯನ್ನು ಸ್ವಂತ ಶೆಡ್ಡಿನಲ್ಲಿ ನೋಡಿಕೊಳ್ಳುವವರಿಗೆ. ಆಯುಧ ಪೂಜೆಗೆ ಮುಂಚಿನ ವಾರ ಸಾಲಾಗಿ ಐದಾರು ಗಾಡಿಗಳ ಆಯಿಲ್ ಇಳಿಸುವ ಚಿಕ್ಕ ಗ್ಯಾರೇಜಿನವರಿಗೂ ಇದು ನಿಜಕ್ಕೂ ಕೈ ಹಿಡಿಯುತ್ತದೆ.

ಥ್ರೆಡ್ ಅಳತೆ: ಇಲ್ಲಿ ಅಂದಾಜು ನಡೆಯುವುದಿಲ್ಲ

ನಿಮ್ಮ ಲಾರಿಯ ಹೆಸರು ಹೇಳಿ ವಾಲ್ವ್ ಕೇಳಬೇಡಿ. ಒಂದೇ ಹೆಸರಿನ ಲಾರಿಯಲ್ಲಿ ಬೇರೆ ಬೇರೆ ವರ್ಷ ಬೇರೆ ಬೇರೆ ಇಂಜಿನ್ ಬಂದಿರುತ್ತವೆ. ಚೇಂಬರ್ ಯಾವಾಗಲಾದರೂ ಬದಲಾಗಿರಬಹುದು, ಥ್ರೆಡ್ ಕೊರೆಸಿ ದೊಡ್ಡದು ಮಾಡಿಸಿರಬಹುದು. ನಿಮ್ಮ ಚೇಂಬರಿನಿಂದ ಬಿಚ್ಚಿದ ನಟ್ಟನ್ನೇ ಅಳೆಯಬೇಕು. ಅದಕ್ಕೆ ಒಂದು ಆಯಿಲ್ ಚೇಂಜ್ ಮುಂಚೆಯೇ ತಯಾರಿ ಶುರುಮಾಡಿ. ಈ ಸಲ ನಟ್ ತೆಗೆದಾಗ ಅಳತೆ ಬರೆದುಕೊಳ್ಳಿ, ಮುಂದಿನ ಸಲ ವಾಲ್ವ್ ಹಾಕಿ.

ನಟ್ಟನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ. ವರ್ನಿಯರ್‌ನಿಂದ ಥ್ರೆಡ್‌ನ ಹೊರ ಅಳತೆ ತೆಗೆಯಿರಿ. ಓದು 21.8 ಮಿಲಿಮೀಟರ್ ಬಂದರೆ ಅದು ಎಂ22, ಅಂದರೆ 22 ಮಿಲಿಮೀಟರ್ ಥ್ರೆಡ್. 19.8 ಬಂದರೆ ಎಂ20. ಥ್ರೆಡ್‌ನ ನಿಜವಾದ ಅಳತೆ ಹೆಸರಿಗಿಂತ ಒಂದು ಕೂದಲೆಳೆ ಕಮ್ಮಿಯೇ ಇರುತ್ತದೆ, ಗಾಬರಿಯಾಗಬೇಡಿ.

ಆಮೇಲೆ ಪಿಚ್, ಅಂದರೆ ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಇರುವ ದೂರ. ಪಿಚ್ ಗೇಜ್ ಇದ್ದರೆ ಹಲ್ಲು ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿಯಿರಿ, ಸಂದಿನಲ್ಲಿ ಬೆಳಕು ಕಾಣಬಾರದು. ಗೇಜ್ ಇಲ್ಲವೆಂದರೆ ಒಂದು ಹಲ್ಲಿನ ತುದಿಯಿಂದ ಶುರುಮಾಡಿ ಐದು ಹಲ್ಲು ದಾಟಿ ಆರನೆಯ ಹಲ್ಲಿನ ತುದಿವರೆಗೆ ಅಳೆಯಿರಿ. 7.5 ಮಿಲಿಮೀಟರ್ ಬಂದರೆ ಪಿಚ್ 1.5. ಡ್ರೈನ್ ನಟ್‌ಗಳಲ್ಲಿ ತುಂಬಾ ಕಡೆ ಕಾಣುವುದು ಈ 1.5 ಪಿಚ್ಚೇ. ಆದರೆ ಕಾಣುತ್ತದೆ ಎಂದು ಸುಮ್ನೆ ಒಪ್ಪಿಕೊಳ್ಳಬೇಡಿ, ಅಳೆದೇ ಬರೆಯಿರಿ.

ಈಗ ನೀರಿನ ನಲ್ಲಿಯ ವಿಷಯ. ಅರ್ಧ ಇಂಚಿನ ಪೈಪ್ ಥ್ರೆಡ್‌ನ ಹೊರ ಅಳತೆ 20.95 ಮಿಲಿಮೀಟರ್, ಪಿಚ್ 1.8. ಎಂ22 ತೂತಿಗೆ ಇದನ್ನು ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹತ್ತಿದ ಹಾಗೆ ಕಾಣುತ್ತದೆ. ಆಮೇಲೆ ಬಿಗಿಯಾಗುತ್ತದೆ. ಸರಿಯಾಗಿ ಕೂತಿತು ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಹಲ್ಲುಗಳು ಒಂದಕ್ಕೊಂದು ಹೊಂದದೆ ತುದಿಗಳಷ್ಟೇ ಕಚ್ಚಿಕೊಂಡಿರುತ್ತವೆ. ಮೇಲೆ ಟೇಪ್ ಸುತ್ತಿದ್ದರೆ ಆ ಸಡಿಲವೂ ಕೈಗೆ ಗೊತ್ತಾಗುವುದಿಲ್ಲ. ಡೀಸೆಲ್ ಇಂಜಿನ್ನಿನ ನಡುಕಕ್ಕೆ ಅದು ಯಾವತ್ತಾದರೂ ಒಂದು ದಿನ ಕಳಚಿ ಬೀಳುತ್ತದೆ. ಜೊತೆಗೆ ಅದರ ಹಿಡಿ ತಡೆಯುವ ಕಚ್ಚೇ ಇರುವುದಿಲ್ಲ, ಒಂದು ಕೋಲು ತಗುಲಿದರೂ ತೆರೆದುಕೊಳ್ಳುತ್ತದೆ.

ಹಾಗೆಯೇ ನಟ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದೆಯಾ ನೋಡಿ. ಇದ್ದರೆ ವಾಲ್ವ್ ಹಾಕಿದ ಮೇಲೆ ಅದು ತಪ್ಪಿಹೋಗುತ್ತದೆ. ಕಬ್ಬಿಣದ ಪುಡಿ ಎಷ್ಟು ಹಿಡಿದಿದೆ ಎಂದು ನೋಡಿ ಇಂಜಿನ್ ಸ್ಥಿತಿ ತಿಳಿಯುವ ಅಭ್ಯಾಸ ನಿಮಗಿದ್ದರೆ ಇದನ್ನೂ ಯೋಚಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಲಾರಿಯ ಇಂಜಿನ್ ಹಳೆಯದು, ಮ್ಯಾಗ್ನೆಟ್ ಇರುವ ನಟ್ ಇದೆ, ಹಾಗಾಗಿ ಅದಕ್ಕೆ ವಾಲ್ವ್ ಹಾಕದೆ ಬಿಟ್ಟಿದ್ದೇನೆ.

ಕೆಳಗೆ ಎಷ್ಟು ಜಾಗ ಇದೆ?

ಗಾಡಿ ಕೆಳಗೆ ಹೋಗಿ ಮೂರು ಕಡೆ ನೋಡಿ.

ಸಾಧ್ಯವಾದ ಮಟ್ಟಿಗೆ ಚೇಂಬರಿನ ಅತಿ ಕೆಳಗಿನ ಮಟ್ಟಕ್ಕಿಂತ ವಾಲ್ವ್ ಕೆಳಗೆ ಇಳಿಯಬಾರದು. ನಟ್ ಚೇಂಬರಿನ ಪಕ್ಕದಲ್ಲೋ ಹಿಂಬದಿಯಲ್ಲೋ ಇದ್ದರೆ ಒಳ್ಳೆಯದು. ಸೀದಾ ಕೆಳಮುಖವಾಗಿ ಇದ್ದರೆ ವಾಲ್ವ್ ಪೂರ್ತಿ ಹೊರಗೇ ನೇತಾಡುತ್ತದೆ. ಅಂಥ ಕಡೆ ಲಿವರ್ ಬಗೆ ಬೇಡ, ಚಿಕ್ಕ ಸ್ಪ್ರಿಂಗ್ ಬಗೆ ಹಾಕಿ. ಅದರ ಸುತ್ತ ದಪ್ಪ ತಗಡಿನ ಗಾರ್ಡ್ ಕೂಡ ಮಾಡಿಸಿ.

ಎರಡನೆಯದು ಮುಂದಿನ ಆಕ್ಸಲ್. ತುಂಬಾ ಲಾರಿಗಳಲ್ಲಿ ಆಕ್ಸಲ್ ಬೀಮ್ ಚೇಂಬರಿನ ಹತ್ತಿರವೇ ಹಾದು ಹೋಗುತ್ತದೆ. ಖಾಲಿ ಲಾರಿ ನಿಂತಿದ್ದಾಗ ನಾಲ್ಕು ಬೆರಳು ಜಾಗ ಕಾಣುತ್ತದೆ. ಲೋಡ್ ತುಂಬಿ ಗುಂಡಿಗೆ ಬಿದ್ದಾಗ ಪಟ್ಟಾ (ಸ್ಪ್ರಿಂಗ್ ಪಟ್ಟಿ) ಚಪ್ಪಟೆಯಾಗಿ ಆಕ್ಸಲ್ ಮೇಲಕ್ಕೆ ಬರುತ್ತದೆ, ಆ ಜಾಗ ಮಾಯವಾಗುತ್ತದೆ. ಆಕ್ಸಲ್ ಮೇಲಿನ ರಬ್ಬರ್ ಸ್ಟಾಪರ್‌ಗೂ ಚಾಸಿಗೂ ನಡುವೆ ಎಷ್ಟು ಅಂತರ ಇದೆ ಅಳೆಯಿರಿ. ಆಕ್ಸಲ್ ಹೆಚ್ಚು ಕಮ್ಮಿ ಅಷ್ಟು ಮೇಲೇರಬಹುದು. ಅದನ್ನು ಲೆಕ್ಕ ಹಿಡಿದ ಮೇಲೂ ವಾಲ್ವಿಗೆ ಏನೂ ತಾಗಬಾರದು.

ಮೂರನೆಯದು, ವಾಲ್ವ್ ತಿರುಗಿಸುವಾಗ ಅದರ ಮೈ ಸುತ್ತಲೂ ಬಡಿಯದೆ ತಿರುಗಬೇಕು. ಕೆಲವು ಚೇಂಬರಿನಲ್ಲಿ ನಟ್ ಒಂದು ತಗ್ಗಿನೊಳಗೆ ಇರುತ್ತದೆ. ನಟ್ ಸಲೀಸಾಗಿ ಹತ್ತುತ್ತದೆ, ಆದರೆ ಲಿವರ್ ಇರುವ ವಾಲ್ವ್ ಅರ್ಧ ಸುತ್ತಿಗೇ ಗೋಡೆಗೆ ಬಡಿಯುತ್ತದೆ. ಇದಕ್ಕೆ ಅದೇ ಕಂಪನಿಯ ಎಕ್ಸ್‌ಟೆನ್ಷನ್ ಅಡಾಪ್ಟರ್ ಸಿಗುತ್ತದೆ. ಲೇತ್‌ನಲ್ಲಿ ಮಾಡಿಸಿದ್ದು ಬೇಡ.

ಹಾಕುವ ದಿನ

ಹೇಗೂ ಆಯಿಲ್ ಬದಲಿಸುವ ದಿನವೇ ಹಾಕಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ, ಗಾಲಿಗೆ ಎರಡೂ ಕಡೆ ಮರದ ಅಡೆ ಕೊಡಿ. ಕೀ ನಿಮ್ಮ ಜೇಬಿನಲ್ಲಿರಲಿ. ಕ್ಯಾಬಿನ್ ಎತ್ತಿದ್ದರೆ ಅದರ ಲಾಕ್ ಬಿದ್ದಿದೆಯಾ ಎಂದು ಕೈಯಾರೆ ನೋಡಿ.

ಹಳೆ ಆಯಿಲ್ ಪೂರ್ತಿ ಇಳಿಸಿ. ಓಡಿ ಬಂದ ಲಾರಿಯ ಆಯಿಲ್ 90 ಡಿಗ್ರಿ ದಾಟಿರುತ್ತದೆ. ಚರ್ಮ ಸುಡಲು 60 ಸಾಕು. ಈ ಸಲ ಇನ್ನೂ ನಟ್ಟನ್ನೇ ಬಿಚ್ಚುತ್ತಿದ್ದೀರಿ, ಹಾಗಾಗಿ ಇಂಜಿನ್ ನಿಲ್ಲಿಸಿ ಅರ್ಧ ಗಂಟೆಯಾದರೂ ಬಿಡಿ. ಬೆಚ್ಚಗಿದ್ದರೆ ಸಾಕು, ಕುದಿಯುತ್ತಿರಬೇಕಾಗಿಲ್ಲ.

ಆಯಿಲ್ ನಿಂತ ಮೇಲೆ ನಟ್ ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ. ಹಳೆಯ ವಾಷರ್ ಅಲ್ಲೇ ಅಂಟಿಕೊಂಡಿರಬಹುದು. ಕರಿ ಆಯಿಲ್ ಮೆತ್ತಿ ಚೇಂಬರಿನದೇ ಭಾಗ ಎನ್ನುವ ಹಾಗೆ ಕಾಣುತ್ತದೆ. ಉಗುರಿನಿಂದ ಗೀರಿ ನೋಡಿ, ಅಂಚು ಸಿಕ್ಕಿದರೆ ಅದು ವಾಷರ್. ಅದನ್ನು ತೆಗೆಯದೆ ಮೇಲೆ ಇನ್ನೊಂದು ವಾಷರ್ ಇಟ್ಟರೆ ಎಷ್ಟು ಬಿಗಿದರೂ ಸೋರುತ್ತದೆ.

ವಾಲ್ವಿನ ಜೊತೆ ಬಂದ ವಾಷರನ್ನೇ ಮೊದಲು ಹಾಕಿ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅಂಟು ಹಚ್ಚಬೇಡಿ. ಈ ಥ್ರೆಡ್ ನೇರವಾದದ್ದು. ಆಯಿಲ್ ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೇಪಿನ ಚೂರು ಕಿತ್ತು ಒಳಗೆ ಹೋದರೆ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಈಗ ವಾಲ್ವನ್ನು ಬೆರಳಿನಿಂದ ಹತ್ತಿಸಿ. ಪಾನಾ ಮುಟ್ಟಲೇಬೇಡಿ. ಮೊದಲು ಬಿಚ್ಚುವ ಕಡೆಗೆ ನಿಧಾನ ತಿರುಗಿಸಿ. ಒಂದು ಕಡೆ ಟಕ್ ಎಂದು ಸಣ್ಣಗೆ ಕೆಳಗಿಳಿದ ಅನುಭವ ಬೆರಳಿಗೆ ಆಗುತ್ತದೆ, ಥ್ರೆಡ್‌ನ ಬಾಯಿ ಸಿಕ್ಕಿದ್ದು ಅಲ್ಲಿ. ಅಲ್ಲಿಂದ ಬಿಗಿಯುವ ಕಡೆಗೆ ತಿರುಗಿಸಿ. ವಾಷರ್ ಚೇಂಬರಿಗೆ ತಾಗುವವರೆಗೆ ವಾಲ್ವ್ ಬೆರಳಿನಲ್ಲೇ ಹೋಗಬೇಕು. ಮಧ್ಯದಲ್ಲಿ ಬಿಗಿಯಾದರೆ ನಿಲ್ಲಿಸಿ. ಒಂದೋ ಓರೆ ಹತ್ತಿದೆ, ಇಲ್ಲವೇ ಅಳತೆ ತಪ್ಪಿದೆ. ಬಿಚ್ಚಿ, ಒರೆಸಿ, ಮತ್ತೆ ನೋಡಿ. ಎರಡನೆಯ ಸಲವೂ ಹಾಗೇ ಆದರೆ ಹಳೆಯ ನಟ್ಟನ್ನೇ ಹಾಕಿ ಗಾಡಿ ಓಡಿಸಿ. ವಾಲ್ವ್ ಇನ್ನೊಂದು ದಿನ ಹಾಕಿದರಾಯಿತು.

ಕೊನೆಯ ಬಿಗಿತಕ್ಕೆ ಟಾರ್ಕ್ ಪಾನಾ (ಬಿಗಿತದ ಜೋರನ್ನು ಅಳೆಯುವ ಪಾನಾ) ಬಳಸಿ, ವಾಲ್ವಿನ ಪ್ಯಾಕೆಟ್ಟಿನಲ್ಲಿ ಬರೆದ ನ್ಯೂಟನ್ ಮೀಟರ್ ಎಷ್ಟೋ ಅಷ್ಟೇ ಇಡಿ. ಲಾರಿಯ ಪುಸ್ತಕದಲ್ಲಿರುವ ಅಂಕಿ ಉಕ್ಕಿನ ನಟ್ಟಿಗೆ ಹೇಳಿದ್ದು. ಹಿತ್ತಾಳೆ ಮೆತ್ತಗೆ, ಜೊತೆಗೆ ಒಳಗೆ ಟೊಳ್ಳು. ನಟ್ಟಿಗೆ ಹಾಕುವ ಜೋರು ಹಾಕಿದರೆ ವಾಲ್ವಿನ ಕುತ್ತಿಗೆ ತುಂಡಾಗುತ್ತದೆ.

ಇಲ್ಲಿ ಒಂದು ಪೇಚು ಬರುತ್ತದೆ. ಬಿಗಿತ ಸರಿಯಾದಾಗ ವಾಲ್ವಿನ ಮೂತಿ ಎತ್ತ ತಿರುಗಿ ನಿಲ್ಲುತ್ತದೋ ಹೇಳಲಾಗುವುದಿಲ್ಲ. ನಮ್ಮ ಲಾರಿಯಲ್ಲಿ ಅದು ಸೀದಾ ಆಕ್ಸಲ್ ಕಡೆ ಮುಖ ಮಾಡಿ ನಿಂತಿತು. ಕಾಲು ಸುತ್ತು ಸಡಿಲ ಬಿಟ್ಟರೆ ಸರಿಹೋಗುತ್ತದಲ್ವಾ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಹಾಗೆ ಬಿಡಲೇಬಾರದು. ಜಾಸ್ತಿ ಬಿಗಿದು ತಿರುಗಿಸುವುದೂ ತಪ್ಪು. ಬೇರೆ ದಪ್ಪದ ವಾಷರ್ ಹಾಕಿದರೆ ನಿಲ್ಲುವ ಜಾಗ ಬದಲಾಗುತ್ತದೆ. ಪಿಚ್ 1.5 ಇದ್ದರೆ ಅರ್ಧ ಮಿಲಿಮೀಟರ್ ದಪ್ಪದ ವ್ಯತ್ಯಾಸಕ್ಕೆ ವಾಲ್ವ್ ಮೂರನೇ ಒಂದು ಸುತ್ತು ತಿರುಗುತ್ತದೆ. ನಾವು ಹಾಗೇ ಮಾಡಿದೆವು. ಮೂತಿ ಹಿಂದಕ್ಕೆ ತಿರುಗಿತು. ಮುಂದಿನಿಂದ ಬರುವ ಕಲ್ಲಿನ ಏಟು ಲಿವರಿಗೆ ಬೀಳದ ಹಾಗೆಯೂ ಆಯಿತು.

ಬಿಗಿದಾದ ಮೇಲೆ ವಾಲ್ವಿನ ಮೈಯಿಂದ ಚೇಂಬರಿನವರೆಗೆ ಒಂದು ಬಿಳಿ ಪೇಂಟ್ ಗೆರೆ ಎಳೆಯಿರಿ. ವಾಲ್ವ್ ಒಂದಿಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ.

ಮೊದಲ ವಾರ

ಹೊಸ ಫಿಲ್ಟರ್ ಹಾಕಿ, ಆಯಿಲ್ ತುಂಬಿ, ಇಂಜಿನ್ ಚಾಲೂ ಮಾಡಿ. ಆಯಿಲ್ ಪ್ರೆಷರ್ ಬಂದಿದ್ದನ್ನು ಖಾತ್ರಿ ಮಾಡಿಕೊಂಡು ಐದು ನಿಮಿಷ ಓಡಲಿ. ನಿಲ್ಲಿಸಿ ವಾಲ್ವಿನ ಸುತ್ತ ಒಣ ಬಟ್ಟೆಯಿಂದ ಒರೆಸಿ, ಬಟ್ಟೆ ನೋಡಿ. ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ಹಳೆ ನ್ಯೂಸ್‌ಪೇಪರ್ ಹಾಸಿ. ಬೆಳಿಗ್ಗೆ ಒಂದು ಹನಿಯ ಕಲೆ ಇದ್ದರೂ ಎಲ್ಲಿಂದ ಬಿತ್ತು ಎಂದು ಹುಡುಕದೆ ಗಾಡಿ ಹೊರಡಿಸಬೇಡಿ. ಮೊದಲ ಲೋಡ್ ಟ್ರಿಪ್ ಮುಗಿಸಿ ಬಂದಾಗ ಬಿಳಿ ಗೆರೆ ನೋಡಿ. ಒಂದು ವಾರ ದಿನಾ ನೋಡಿ.

ಇನ್ನು ಮೇಲೆ ಆಯಿಲ್ ಬದಲಿಸುವುದು

ಇಂಜಿನ್ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಬಿಸಿಯಿದ್ದಾಗ ತೆಳ್ಳಗಿರುತ್ತದೆ, ಮಸಿಯೂ ತಳಕ್ಕೆ ಕೂರದೆ ಅದರ ಜೊತೆ ಇಳಿಯುತ್ತದೆ. ಮೂತಿಗೆ ಪೈಪ್ ಸಿಕ್ಕಿಸಿ ಕ್ಲಿಪ್ ಹಾಕಿ. ಅಂಗಡಿಯಲ್ಲಿ ಮೊದಲು ಕೊಡುವುದು ಪಾರದರ್ಶಕ ಪ್ಲಾಸ್ಟಿಕ್ ಪೈಪು. ಬಿಸಿ ಆಯಿಲ್ ಬಿದ್ದರೆ ಅದು ಮೆತ್ತಗಾಗಿ ಜಾರಿ ಬೀಳುತ್ತದೆ. ಆಯಿಲ್‌ಗೆಂದೇ ಮಾಡಿದ ನೈಟ್ರೈಲ್ ರಬ್ಬರ್ ಪೈಪ್ ತೆಗೆದುಕೊಳ್ಳಿ. ಇನ್ನೊಂದು ತುದಿ ಸೀದಾ ಕ್ಯಾನಿನೊಳಗಿರಲಿ. ಆರು ಸಿಲಿಂಡರ್ ಇಂಜಿನ್ನಿನಲ್ಲಿ 15 ಲೀಟರ್ ಆಸುಪಾಸು, ದೊಡ್ಡದಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಆಯಿಲ್ ಇರುತ್ತದೆ. ನಿಮ್ಮ ಕ್ಯಾನ್ ಅದಕ್ಕಿಂತ ದೊಡ್ಡದಿದೆಯಾ ಎಂದು ಮೊದಲೇ ನೋಡಿಕೊಳ್ಳಿ.

ಮೇಲಿನ ಫಿಲ್ಲರ್ ಮುಚ್ಚಳ ತೆಗೆಯಿರಿ, ಗಾಳಿ ಆಡಿದರೆ ಧಾರೆ ಸರಾಗ. ಲಿವರ್ ಕಚ್ಚಿನಿಂದ ಜಾರದ ಹಾಗೆ ಹಾಕಿರುವ ಸುರಕ್ಷತೆಯ ಕ್ಲಿಪ್ ತೆಗೆದು, ಲಿವರ್ ಎತ್ತಿ ಕಾಲು ಸುತ್ತು ತಿರುಗಿಸಿ. ಆ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಒಂದು ಕೆಂಪು ಬಟ್ಟೆಗೆ ಕಟ್ಟಿ ಫಿಲ್ಲರ್ ಬಾಯಿಯ ಮೇಲೆ ಇಡಿ. ಕೆಳಗಿನ ವಾಲ್ವ್ ಮುಚ್ಚದೆ ಮೇಲಿನಿಂದ ಹೊಸ ಆಯಿಲ್ ಸುರಿಯುವುದು ತುಂಬಾ ಸಲ ಆಗುವ ತಪ್ಪು. ನಟ್ ಆದರೆ ಬಿಚ್ಚಿದ್ದು ಕಣ್ಣಿಗೆ ಕಾಣುತ್ತದೆ, ಲಿವರ್ ತೆರೆದಿದ್ದು ಕಾಣುವುದಿಲ್ಲ. ಫಿಲ್ಲರ್ ಮೇಲೆ ಕ್ಲಿಪ್ ಇದ್ದರೆ ಅದನ್ನು ಕೈಯಲ್ಲಿ ಎತ್ತದೆ ಆಯಿಲ್ ಹಾಕಲು ಆಗುವುದೇ ಇಲ್ಲ. ನಮ್ಮ ಶೆಡ್ಡಿನಲ್ಲಿ ಇನ್ನೂ ಒಂದು ನಿಯಮ ಇದೆ. ಆಯಿಲ್ ಇಳಿಯುತ್ತಿರುವಷ್ಟು ಹೊತ್ತು ಸ್ಟೀರಿಂಗ್‌ಗೆ ‘ಆಯಿಲ್ ಇಲ್ಲ’ ಎಂದು ಬರೆದ ರಟ್ಟು ನೇತಾಡುತ್ತಿರುತ್ತದೆ.

ಧಾರೆ ಹನಿಯಾಗಿ, ಹನಿ ನಿಂತ ಮೇಲೆ ಲಿವರ್ ಮುಚ್ಚಿ. ಕಚ್ಚಿನೊಳಗೆ ಕೂತ ಟಿಕ್ ಸದ್ದು ಕೇಳಬೇಕು. ಕ್ಲಿಪ್ ಹಾಕಿ. ಮೂತಿಗೆ ರಬ್ಬರ್ ಟೋಪಿ ಹಾಕಿ. ಟೋಪಿ ಹಾಕದಿದ್ದರೆ ಮೂತಿಯೊಳಗೆ ಕೆಸರು ಗಟ್ಟಿಯಾಗಿ ಕೂರುತ್ತದೆ.

ಹೊಸ ಆಯಿಲಿನ ಬಗ್ಗೆ ಒಂದೇ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಸೈಲೆನ್ಸರ್ ಕಡೆ ಮಸಿ ಹಿಡಿಯುವ ಫಿಲ್ಟರ್ ಇದೆ. ಅದಕ್ಕೆ ಬೂದಿ ಕಮ್ಮಿ ಬಿಡುವ ಆಯಿಲೇ ಬೇಕು. ಕಮ್ಮಿ ಬೆಲೆಗೆ ಸಿಕ್ಕಿತು ಎಂದು ಹಳೆಯ ಗ್ರೇಡ್ ಹಾಕಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪುಸ್ತಕದಲ್ಲಿರುವ ಗ್ರೇಡ್ ನೋಡಿ ತನ್ನಿ.

ತಳದಲ್ಲಿ ಉಳಿಯುವ ಆಯಿಲ್

ವಾಲ್ವಿನ ಥ್ರೆಡ್ ಭಾಗ ಚೇಂಬರಿನ ಒಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ. ಆ ಅಂಚಿಗಿಂತ ಕೆಳಗಿನ ಆಯಿಲ್ ಹೊರಗೆ ಬರುವುದಿಲ್ಲ. ಎಷ್ಟು ಉಳಿಯುತ್ತದೆ ಎಂದು ಚೇಂಬರಿನ ಆಕಾರ ನಿರ್ಧರಿಸುತ್ತದೆ. ಇದನ್ನು ನೀವೇ ಅಳೆಯಬಹುದು. ಮೊದಲ ಸಲ ವಾಲ್ವಿನಿಂದ ಆಯಿಲ್ ಇಳಿಸಿ ಹನಿ ನಿಂತ ಮೇಲೆ, ವಾಲ್ವನ್ನೂ ಒಂದು ಸಲ ಬಿಚ್ಚಿ. ಬರುವುದನ್ನು ಗುರುತು ಹಾಕಿದ ನೀರಿನ ಬಾಟಲಿಗೆ ಹಿಡಿಯಿರಿ. ನಮ್ಮದರಲ್ಲಿ ಒಂದು ಟೀ ಲೋಟದಷ್ಟು ಬಂತು. 15 ಲೀಟರಿಗೆ ಅದು ಲೆಕ್ಕಕ್ಕಿಲ್ಲ, ಹೊಸ ವಾಷರ್ ಹಾಕಿ ಮತ್ತೆ ಕೂರಿಸಿದೆವು. ನಿಮ್ಮದರಲ್ಲಿ ಅರ್ಧ ಲೀಟರ್ ದಾಟಿತು, ಅಥವಾ ಬೆರಳಿಗೆ ದಪ್ಪ ಗಸಿ ಸಿಕ್ಕಿತು ಅಂದರೆ ಆ ಚೇಂಬರಿಗೆ ಈ ವಾಲ್ವ್ ಹೊಂದುವುದಿಲ್ಲ. ಆಗ ನಟ್ಟೇ ಒಳ್ಳೆಯದು.

ಬೇರೆ ಉಪಯೋಗಗಳು

ಆಯಿಲ್ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವವರಿಗೆ ಇದು ತುಂಬಾ ಅನುಕೂಲ. ಇಂಜಿನ್ ಬಿಸಿಯಿರುವಾಗ ತೆರೆದು, ಮೊದಲು ಬರುವ ಒಂದಿಷ್ಟನ್ನು ಬೇರೆ ಹಿಡಿದು, ನಡುವಿನ ಧಾರೆಯಿಂದ ಒಣಗಿದ ಸ್ವಚ್ಛ ಬಾಟಲಿ ತುಂಬಿಸಿ. ವರದಿಯಲ್ಲಿ ಸಿಲಿಕಾನ್ ಜಾಸ್ತಿ ಇದ್ದರೆ ಏರ್ ಫಿಲ್ಟರ್ ಕಡೆಯಿಂದ ಧೂಳು ಹೋಗುತ್ತಿರಬಹುದು. ಕ್ವಾರಿಯ ಟಿಪ್ಪರಿಗೆ ಇದು ಬಹಳ ಬೆಲೆಯ ಮಾಹಿತಿ.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ ಇದ್ದರೆ, ರಾತ್ರಿಯಿಡೀ ನಿಂತ ಗಾಡಿಯ ವಾಲ್ವನ್ನು ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮುಂಚೆ ಒಂದು ಚೂರು ತೆರೆದು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಆಯಿಲ್‌ಗಿಂತ ಮೊದಲು ನೀರೋ ಕೂಲೆಂಟೋ ಬಂದರೆ ಇಂಜಿನ್ ಚಾಲೂ ಮಾಡದೆ ಮೇಸ್ತ್ರಿಯನ್ನು ಕರೆಸಿ. ಬರಲಿಲ್ಲ ಎಂದ ಮಾತ್ರಕ್ಕೆ ತೊಂದರೆ ಇಲ್ಲ ಎಂದು ಅರ್ಥವಲ್ಲ, ನೀರು ಆಯಿಲಿನಲ್ಲಿ ಬೆರೆತು ಹಾಲಿನ ಬಣ್ಣಕ್ಕೂ ತಿರುಗಿರಬಹುದು.

ಆಯಿಲ್ ಜಾಸ್ತಿ ಬಿದ್ದಾಗ ಅರ್ಧ ಲೀಟರ್ ಇಳಿಸುವುದೂ ಸುಲಭ. ಆದರೆ ಹಾಕದೇ ಇದ್ದರೂ ಆಯಿಲ್ ಗೇಜ್ ಕಡ್ಡಿಯಲ್ಲಿ ಮಟ್ಟ ಏರುತ್ತಿದೆ ಅಂದರೆ ಡೀಸೆಲ್ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ವಾಲ್ವ್ ತೆರೆದು ಮಟ್ಟ ಸರಿಮಾಡಿಕೊಂಡು ಓಡಿಸಿದರೆ ಬೇರಿಂಗ್ ಹೋಗುತ್ತದೆ.

ತೆಗೆದ ಆಯಿಲ್ ಎಲ್ಲಿ ಹೋಗಬೇಕು?

ನಮ್ಮ ಕಡೆ ಕರಿ ಆಯಿಲ್‌ಗೆ ನೂರು ಉಪಯೋಗ. ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರೆ, ಗೆದ್ದಲು ಹಿಡಿಯಬಾರದೆಂದು ಮರಕ್ಕೆ ಹಚ್ಚುತ್ತಾರೆ, ಧೂಳು ಏಳಬಾರದೆಂದು ನೆಲಕ್ಕೆ ಚೆಲ್ಲುತ್ತಾರೆ. ಇದು ನೋವಿನ ವಿಷಯ. ಬಳಸಿದ ಆಯಿಲ್ ದಿನಾ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರ್‌ವರೆಗೂ ಹೋಗಬಹುದು. ನೆಲಕ್ಕೆ ಚೆಲ್ಲಿದ್ದು ಮಳೆ ಬಂದಾಗ ಹಳ್ಳಕ್ಕೋ ಬಾವಿಗೋ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಇದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, ಅನುಮತಿ ಇರುವ ಮರುಬಳಕೆದಾರರಿಗೇ ಹೋಗಬೇಕು. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳಿಗೂ ಮರುಬಳಕೆಯ ಹೊಣೆ ಬಂದಿದೆ. ಬ್ಯಾರಲ್ ಒಯ್ಯಲು ಬರುವವರ ಬಳಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇದೆಯಾ ಎಂದು ಕೇಳಿ, ನೋಡಿ ಕೊಡಿ.

ಪೈಪಿನಿಂದ ಸೀದಾ ಕ್ಯಾನಿಗೆ ಇಳಿದ ಆಯಿಲ್‌ಗೆ ಮಣ್ಣು, ನೀರು ಸೇರಿರುವುದಿಲ್ಲ. ಅದನ್ನು ಶುದ್ಧ ಮಾಡುವುದು ಸುಲಭ. ತೊಳೆಯಲು ಬಳಸಿದ ಡೀಸೆಲ್, ಕೂಲೆಂಟ್, ಬ್ರೇಕ್ ಆಯಿಲ್ ಇವನ್ನು ಅದೇ ಕ್ಯಾನಿಗೆ ಸುರಿಯಬೇಡಿ. ಹಳೆ ಫಿಲ್ಟರನ್ನು ಜಾಲರಿಯ ಮೇಲೆ ಒಂದು ರಾತ್ರಿ ಕವುಚಿ ಇಡಿ, ಅದರಲ್ಲೂ ಸಾಕಷ್ಟು ಆಯಿಲ್ ಇಳಿಯುತ್ತದೆ.

ಡ್ರೈವರಿಗೆ ಹೇಳಿ, ಹಳೆ ನಟ್ ಕೊಡಿ

ವಾಲ್ವ್ ಹಾಕಿದ ದಿನವೇ ಡ್ರೈವರ್ ಮತ್ತು ಕ್ಲೀನರ್ ಇಬ್ಬರನ್ನೂ ಗಾಡಿ ಕೆಳಗೆ ಕರೆದು ತೋರಿಸಿ. ಬೆಳಿಗ್ಗೆ ಟೈರ್ ಬಡಿದು ನೋಡುವಾಗ ಟಾರ್ಚ್ ಹಾಕಿ ಮೂರು ಸಂಗತಿ ನೋಡಲು ಹೇಳಿ: ಕ್ಲಿಪ್ ಇದೆಯಾ, ಬಿಳಿ ಗೆರೆ ನೇರ ಇದೆಯಾ, ಕೆಳಗೆ ಹನಿ ಇದೆಯಾ. ದಾರಿಯಲ್ಲಿ ಬೇರೆ ಗ್ಯಾರೇಜಿಗೆ ಹೋದರೆ ಅಲ್ಲಿಯವರು ಗೊತ್ತಿಲ್ಲದೆ ವಾಲ್ವಿಗೇ ಪಾನಾ ಹಾಕಿ ಬಿಚ್ಚುತ್ತಾರೆ. ಚೇಂಬರಿನ ಮೇಲೆ ಪೇಂಟಿನಲ್ಲಿ ‘ಲಿವರ್ ತಿರುಗಿಸಿ, ಬಿಚ್ಚಬೇಡಿ’ ಎಂದು ಬರೆಸಿದ್ದೇನೆ. ನಮ್ಮ ಗಾಡಿ ಆಂಧ್ರದ ಕಡೆಗೂ ಹೋಗುತ್ತದೆ, ಹಾಗಾಗಿ ತೆಲುಗಿನಲ್ಲೂ ಬರೆಸಿದೆ.

ತೆಗೆದ ಹಳೆ ನಟ್ಟನ್ನು ಗುಜರಿಗೆ ಹಾಕಬೇಡಿ. ತೊಳೆದು, ಹೊಸ ತಾಮ್ರದ ವಾಷರ್ ಜೊತೆ ಬಟ್ಟೆಯಲ್ಲಿ ಸುತ್ತಿ, ಅಳತೆ ಬರೆದ ಚೀಟಿ ಕಟ್ಟಿ ಟೂಲ್ ಬಾಕ್ಸಿನಲ್ಲಿ ಇಡಿ. ಜೊತೆಗೆ ಅದಕ್ಕೆ ಹೊಂದುವ ಪಾನಾ ಒಂದು, ಐದು ಲೀಟರ್ ಆಯಿಲ್ ಕ್ಯಾನ್ ಒಂದು. ಘಾಟಿಯಲ್ಲೋ ಕ್ವಾರಿಯಲ್ಲೋ ಕಲ್ಲು ಬಡಿದು ಲಿವರ್ ಮುರಿದರೆ, ಡ್ರೈವರ್ ಇಂಜಿನ್ ನಿಲ್ಲಿಸಿ, ವಾಲ್ವ್ ಬಿಚ್ಚಿ, ಆ ನಟ್ಟನ್ನು ಹತ್ತಿಸಿ, ಗೇಜ್ ನೋಡಿ ಕಮ್ಮಿಯಾದಷ್ಟು ಆಯಿಲ್ ಹಾಕಿಕೊಳ್ಳಬಹುದು. ಕ್ಯಾನಿನ ಆಯಿಲ್ ಸಾಲದೆ ಮಟ್ಟ ಗೇಜ್‌ನ ಕೆಳಗಿನ ಗೆರೆ ಮುಟ್ಟದಿದ್ದರೆ ಇಂಜಿನ್ ಚಾಲೂ ಮಾಡದೆ ಫೋನ್ ಮಾಡಬೇಕು ಎಂದೂ ಈಗಲೇ ಹೇಳಿಡಿ.